ಪಕ್ಕದ ಟೇಬಲ್ಲಿನವರು

ಜುಲೈ ೬

ಅಕ್ಕಾ,

ಅಂತೂ ಬಂದು ಸೇರಿದೆವು. ಮನೆ ಎರಡನೇ ಮಹಡಿಯಲ್ಲಿದೆ, ಎರಡೇ ಕೋಣೆ. ನಮ್ಮ ಅಡುಗೆಮನೆಯ ಕಿಟಕಿ ತೆರೆದರೆ ಎದುರಿನವರ ಅಡುಗೆಮನೆಯ ಕಿಟಕಿ. ಅಮ್ಮ ಮೊದಲ ದಿನವೇ ಅವರ ಜೊತೆ ಮಾತಿಗೆ ನಿಂತಾಗಿದೆ, ಹಾಗಾಗಿ ಅವಳ ಚಿಂತೆ ನನಗಿಲ್ಲ. ಅವಳಿಗೆ ಒಂದೇ ಗೊಂದಲ. ಹದಿನಾಲ್ಕು ವರ್ಷ ನನ್ನನ್ನು ಬಿಳಿ ಯೂನಿಫಾರಂನಲ್ಲಿ ಕಳಿಸಿ ರೂಢಿಯಾಗಿದೆಯಲ್ಲ, ಈಗ ಬಣ್ಣದ ಬಟ್ಟೆ ಹಾಕಿಕೊಂಡು ಹೊರಟರೆ ದಿನಾ ಬೆಳಿಗ್ಗೆ, "ಇವತ್ತೂ ರಜೆಯೇನೇ?" ಎನ್ನುತ್ತಾಳೆ.

ಫೋನ್ ಮಾಡು ಎಂದಿದ್ದಿರಿ. ಮಾಡುವುದಿಲ್ಲ. ವಾರ್ಡಿನ ಫೋನ್ ಹಿಡಿದು ನೀವು "ಹೂಂ, ಹೇಳು, ಬೇಗ ಹೇಳು" ಎನ್ನುವುದನ್ನು ನಾನು ಕಂಡಿಲ್ಲವೇ? ಮಧ್ಯಾಹ್ನ ಎರಡಕ್ಕೆ ನಿಮ್ಮ ಡ್ಯೂಟಿ ಮುಗಿದರೆ ನನ್ನದು ಶುರುವಾಗುತ್ತಿತ್ತು. ನಾವಿಬ್ಬರೂ ಹೆಚ್ಚು ಮಾತಾಡಿದ್ದು ಆ ಹ್ಯಾಂಡೋವರ್ ಪುಸ್ತಕದಲ್ಲೇ. ಬರೆದು ಹೇಳುವುದೇ ನಮಗೆ ಸರಿ.

ನರ್ಸಿಂಗ್ ವಿಭಾಗ ವಿಶ್ವವಿದ್ಯಾಲಯದ ಹಿಂಬದಿಯ ಕಟ್ಟಡದಲ್ಲಿದೆ. ಸ್ಟಾಫ್ ರೂಮಿನಲ್ಲಿ ನಾಲ್ಕು ಟೇಬಲ್. ನನ್ನದು ಬಾಗಿಲ ಹಿಂದೆ. ಯಾರಾದರೂ ಜೋರಾಗಿ ತಳ್ಳಿಕೊಂಡು ಬಂದರೆ ಬಾಗಿಲು ನನ್ನ ಮೊಣಕೈಗೆ ತಾಗುತ್ತದೆ. ಪಕ್ಕದ ಟೇಬಲ್ಲಿನವರು ಸಮುದಾಯ ಆರೋಗ್ಯ ಕಲಿಸುವ ಮೇಡಂ. ನನಗಿಂತ ಏಳು ವರ್ಷ ಚಿಕ್ಕವರು, ಆಗಲೇ ಡಾಕ್ಟರೇಟ್ ಆಗಿದೆ. ನಾನು ಹೋದಾಗ ತಲೆಯೆತ್ತಿ ನೋಡಿ, "ಬನ್ನಿ ಸಿಸ್ಟರ್" ಎಂದು ಮತ್ತೆ ಉತ್ತರ ಪತ್ರಿಕೆಗಳಲ್ಲಿ ಮುಳುಗಿದರು. ಇಲ್ಲಿ ಎಲ್ಲರೂ ಎಲ್ಲರನ್ನೂ ಸರ್, ಮೇಡಂ ಎನ್ನುತ್ತಾರೆ. ನಾನೊಬ್ಬಳೇ ಸಿಸ್ಟರ್.

ಸೋಮವಾರ ಮೊದಲ ಕ್ಲಾಸು. ಅರವತ್ತು ಜನ ಮಕ್ಕಳಂತೆ. ಅರವತ್ತು ರೋಗಿಗಳಾಗಿದ್ದರೆ ನನಗೆ ಭಯವಿರುತ್ತಿರಲಿಲ್ಲ.

ನಿಮ್ಮ
ಮೊಂಡಿ


ಜುಲೈ ೧೫

ಮೊಂಡಿ,

ನಿನ್ನ ಪತ್ರವನ್ನು ಟೀ ಹೊತ್ತಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಿನ್ನ ಅಮ್ಮನ "ರಜೆಯೇನೇ"ಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಮ್ಮ ವಾರ್ಡಿನಿಂದ ಒಬ್ಬಳು ಯೂನಿವರ್ಸಿಟಿಯಲ್ಲಿ ಪಾಠ ಹೇಳುತ್ತಾಳೆ ಎಂದು ಮೇಟ್ರನ್ ಕೂಡ ಕಂಡಕಂಡವರಿಗೆಲ್ಲ ಹೇಳುತ್ತಿದ್ದಾರೆ. ಕ್ಲಾಸು ಹೇಗಾಯಿತು ಎಂದು ಬರೆ. ಅದನ್ನೂ ಓದಿ ಹೇಳುತ್ತೇನೆ.

ಆ ಪಕ್ಕದ ಟೇಬಲ್ಲಿನ ಡಾಕ್ಟರಮ್ಮನ ವಿಷಯದಲ್ಲಿ ಹುಷಾರು. ಬಂದ ದಿನವೇ ಸಿಸ್ಟರ್ ಎಂದು ಕರೆದು ನೀನು ಯಾರೆಂದು ನಿನಗೆ ನೆನಪಿಸಿದ್ದಾಳೆ. ಓದಿದವರು ಮಾತಿನಲ್ಲೇ ಇಂಜೆಕ್ಷನ್ ಚುಚ್ಚುತ್ತಾರೆ. ನೀನು ನಿನ್ನ ಕೆಲಸ ನೋಡಿಕೋ, ಯಾರಿಗೂ ಸಲುಗೆ ಕೊಡಬೇಡ.

ನಿನ್ನ ಜಾಗಕ್ಕೆ ತಾತ್ಕಾಲಿಕವಾಗಿ ಒಬ್ಬಳು ಬಂದಿದ್ದಾಳೆ, ಕಲಿಯಲಿ ಎಂದು ನನ್ನ ಡ್ಯೂಟಿಗೇ ಹಾಕಿದ್ದಾರೆ. ಓದು ಮುಗಿಸಿ ನೇರ ಬಂದವಳು. ಟ್ರೇ ಹಿಡಿದರೆ ಟ್ರೇಯಲ್ಲಿರುವುದೆಲ್ಲ ಸದ್ದು ಮಾಡುತ್ತದೆ. ಇರಲಿ, ನೀನು ಬರುವವರೆಗೆ ತಾನೆ. ಡಿಸೆಂಬರ್ ಮೂವತ್ತೊಂದರವರೆಗೆ ನಿನ್ನ ಹುದ್ದೆ ನಿನ್ನದೇ, ಅಷ್ಟರೊಳಗೆ ಯಾವಾಗ ಬೇಕಾದರೂ ವಾಪಸ್ ಬರಬಹುದು ಎಂದು ಮೇಟ್ರನ್ ಬಾಯಲ್ಲಿ ಎರಡು ಸಲ ಹೇಳಿಸಿಕೊಂಡಿದ್ದೇನೆ. ಅದು ನೆನಪಿರಲಿ.

ನಿಮ್ಮ ಭಾವ ನಿನ್ನನ್ನು ಕೇಳಿದರು. ಅವರ ಬಸ್ಸಿನ ರೂಟು ಬದಲಾಗಿದೆ, ಈಗ ಆಸ್ಪತ್ರೆಯ ಮುಂದೆಯೇ ಹಾದುಹೋಗುತ್ತದೆ. ಹಾರ್ನ್ ಹೊಡೆದು ಹೋಗುತ್ತಾರೆ, ನಾಚಿಕೆಯಿಲ್ಲ.

ಅಕ್ಕ


ಆಗಸ್ಟ್ ೨

ಅಕ್ಕಾ,

ಕ್ಲಾಸು ಚೆನ್ನಾಗಿಯೇ ಆಯಿತು. ಮಕ್ಕಳು ಗಲಾಟೆ ಮಾಡಲಿಲ್ಲ, ತುಟಿ ಪಿಟಕ್ಕೆನ್ನದೆ ಕೂತಿದ್ದರು. ಪಾಠ ಸ್ವಲ್ಪ ಬೇಗ ಮುಗಿಯಿತು, ಅದರಿಂದ ಅವರಿಗೂ ಖುಷಿಯೇ. ವಾರಕ್ಕೆ ಹನ್ನೆರಡು ತಾಸು ಪಾಠ, ಆರು ತಾಸು ಪ್ರಾಯೋಗಿಕ. ಪ್ರಾಯೋಗಿಕ ನಡೆಯುವುದು ಕೆಳಗಿನ ಲ್ಯಾಬಿನಲ್ಲಿ. ಅಲ್ಲಿ ನಾಲ್ಕು ಹಾಸಿಗೆ, ನಾಲ್ಕು ಬೊಂಬೆ ರೋಗಿಗಳು. ಒಂದಕ್ಕೆ ಕಿವಿಯಿಲ್ಲ. ಲ್ಯಾಬ್ ನೋಡಿಕೊಳ್ಳುವ ಅಣ್ಣ ಅವುಗಳ ಮುಖ ಒರೆಸಿ, ಕಾಲಿನ ಮೇಲೆ ಹೊದಿಕೆ ಸರಿಮಾಡಿಯೇ ಬೀಗ ಹಾಕುವುದು. ನನಗೆ ಲ್ಯಾಬ್ ಇಷ್ಟವಾಗಿದೆ. ಬಿಡುವಿದ್ದಾಗ ಅಲ್ಲಿಗೇ ಹೋಗುತ್ತೇನೆ.

ಸ್ಟಾಫ್ ರೂಮಿನಲ್ಲಿ ಎಲ್ಲ ಒಳ್ಳೆಯವರೇ. ಕಿಟಕಿಯ ಹತ್ತಿರದ ಮೇಷ್ಟ್ರು ನನಗೊಂದು ಡಸ್ಟರ್ ಕೊಟ್ಟರು. ಪಕ್ಕದ ಟೇಬಲ್ಲಿನವರು ಈಗ ನನ್ನನ್ನು ಸಿಸ್ಟರ್ ಎನ್ನುವುದಿಲ್ಲ. ಏನೂ ಎನ್ನುವುದಿಲ್ಲ.

ವಾರ್ಡಿನಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳಿ. ಬೇರೇನೂ ವಿಶೇಷವಿಲ್ಲ.

ಮೊಂಡಿ


ಆಗಸ್ಟ್ ೧೨

ಮೊಂಡಿ,

ನನಗೆ ಗೊತ್ತಿತ್ತು. ಮೊದಲ ದಿನವೇ ಅರವತ್ತು ಜನರನ್ನು ಸದ್ದಿಲ್ಲದೆ ಕೂರಿಸಿದೆ ಎಂದರೆ ಸುಮ್ಮನೆಯೇ! "ನೋಡಿ, ಇದು ನಮ್ಮ ವಾರ್ಡಿನ ತರಬೇತಿ" ಎಂದೆ ಎಲ್ಲರಿಗೂ. ಹೊಸಬಳಿಗೂ ಕೇಳಲಿ ಎಂದೇ ಸ್ವಲ್ಪ ಜೋರಾಗಿ ಓದಿದೆ.

ಅವಳ ಕತೆ ಕೇಳು. ನಿನ್ನೆ ಆರನೇ ಬೆಡ್ಡಿನ ಹಾಸಿಗೆ ಮಾಡಿದ್ದಳು, ಚಾದರದ ಮೂಲೆಗಳೆಲ್ಲ ಜೋಲು. ಬಿಚ್ಚಿಸಿ ಮತ್ತೆ ಮಾಡಿಸಿದೆ. ಮೂರನೇ ಸಲವೂ ಜೋಲು. ನಿನ್ನ ಹೆಸರು ಹೇಳಿ, "ಅವಳು ಕಣ್ಣು ಮುಚ್ಚಿಕೊಂಡು ಮಾಡ್ತಿದ್ಲು" ಎಂದೆ. ರೋಗಿಗಳೆಲ್ಲ ನೋಡುತ್ತಿದ್ದರು. ಅವಳ ಕಣ್ಣಲ್ಲಿ ನೀರು. ಈಗಿನವರಿಗೆ ಒಂದು ಮಾತು ಹೇಳಿದರೆ ಸಾಕು, ನಲ್ಲಿ ತಿರುಗಿಸಿದ ಹಾಗೆ. ನಾವು ಕಲಿಯುವಾಗ ಬೈಸಿಕೊಂಡಿಲ್ಲವೇ?

ಟೀಗೆ ನಮ್ಮ ಜೊತೆ ಬರುವುದೂ ಇಲ್ಲ. ಲಿನನ್ ಕೋಣೆಯಲ್ಲಿ ಚಾದರಗಳ ನಡುವೆ ಒಬ್ಬಳೇ ಕೂತಿರುತ್ತಾಳೆ. ಕೊಬ್ಬು.

ಅಕ್ಕ


ಸೆಪ್ಟೆಂಬರ್ ೫

ಅಕ್ಕಾ,

ಇವತ್ತು ಒಂದು ವಿಷಯ ನಡೆಯಿತು. ನಿಮಗೆ ಹೇಳಲೇಬೇಕು.

ಬೆಳಗಿನ ಮೊದಲ ಕ್ಲಾಸು. ಶಸ್ತ್ರಚಿಕಿತ್ಸೆಯ ನಂತರದ ಆರೈಕೆ, ನಮ್ಮದೇ ವಿಷಯ. ಬೋರ್ಡಿನ ಮೇಲೆ ಬರೆಯುತ್ತಿದ್ದೆ. ತಿರುಗಿ ನೋಡುತ್ತೇನೆ, ಕೊನೆಯ ಬೆಂಚಿನಲ್ಲಿ ಪಕ್ಕದ ಟೇಬಲ್ಲಿನವರು! ಯಾವಾಗ ಬಂದರೋ ಗೊತ್ತಾಗಲಿಲ್ಲ. ಮುಂದೆ ನೋಟ್‌ಬುಕ್ಕು, ಕೈಯಲ್ಲಿ ಪೆನ್ನು, ಗೋಡೆ ಗಡಿಯಾರ ನೋಡುವುದು, ಬರೆಯುವುದು. ಮತ್ತೆ ಗಡಿಯಾರ, ಮತ್ತೆ ಬರೆಯುವುದು. ಆಮೇಲೆ ನಾನೇನು ಹೇಳಿದೆನೋ ನನಗೇ ನೆನಪಿಲ್ಲ. ಗಂಟೆ ಹೊಡೆದ ತಕ್ಷಣ ನೋಟ್‌ಬುಕ್ ಮುಚ್ಚಿ ಎದ್ದು ಹೋದರು. ಸ್ಟಾಫ್ ರೂಮಿಗೆ ಬಂದರೆ ಏನೂ ನಡೆಯದವರ ಹಾಗೆ ಬಾಟಲಿಯಿಂದ ನೀರು ಕುಡಿಯುತ್ತಿದ್ದಾರೆ.

ನಾನು ಖಾಯಂ ಆಗುವುದೋ ಬಿಡುವುದೋ ವಿಭಾಗದ ಮುಖ್ಯಸ್ಥರ ವರದಿಯ ಮೇಲಿದೆ. ಮುಖ್ಯಸ್ಥರೇ ಕಳಿಸಿರಬಹುದೇ? ಇಲ್ಲ ಇವರೇ ಹೋಗಿ ಹೇಳುತ್ತಾರೆಯೇ?

ಅಮ್ಮನಿಗೆ ಹೇಳಿಲ್ಲ. ನೀವಾದರೂ ಹೇಳಿ, ಏನು ಮಾಡಲಿ?

ಮೊಂಡಿ


ಸೆಪ್ಟೆಂಬರ್ ೧೧

ಮೊಂಡಿ,

ನಾನು ಮೊದಲೇ ಹೇಳಿರಲಿಲ್ಲವೇ? ಹೇಳದೆ ಕೇಳದೆ ಬಂದು ಕೂತು, ಗಡಿಯಾರ ನೋಡಿ ಬರೆದುಕೊಂಡು ಹೋಗುವವಳು ಒಳ್ಳೆಯದಕ್ಕೆ ಬರುತ್ತಾಳೆಯೇ? ನಿನ್ನ ಜಾಗಕ್ಕೆ ಅವಳ ಕಡೆಯವರು ಯಾರೋ ಕಾಯುತ್ತಿರಬೇಕು.

ಸುಮ್ಮನೆ ಕೂರಬೇಡ. ಅವಳು ಹೋಗಿ ಹೇಳುವ ಮೊದಲು ನೀನೇ ಮುಖ್ಯಸ್ಥರ ಹತ್ತಿರ ಹೋಗು. ಬಾಯಿಮಾತಲ್ಲಿ ಬೇಡ, ಬರೆದು ಕೊಡು. ನನ್ನ ಅನುಮತಿಯಿಲ್ಲದೆ ತರಗತಿಗೆ ಬಂದು ಪಾಠಕ್ಕೆ ಅಡ್ಡಿಮಾಡಿದ್ದಾರೆ ಎಂದು ಸ್ಪಷ್ಟವಾಗಿ ಬರೆ. ಹದಿನಾಲ್ಕು ವರ್ಷ ಸರ್ಜನ್‌ಗಳಿಗೇ ಹೆದರದವಳು ನೀನು.

ಇಷ್ಟಕ್ಕೂ ಬೇಡವಾದರೆ ಬಿಟ್ಟು ಬಾ. ನಿನ್ನ ಲಾಕರಿಗೆ ಇನ್ನೂ ನಿನ್ನ ಬೀಗವೇ ಇದೆ. ಹೊಸಬಳು ಕೇಳಿದಳು, ಕೊಡಲಿಲ್ಲ.

ಅಕ್ಕ


ಅಕ್ಟೋಬರ್ ೩

ಮೊಂಡಿ,

ಮೂರು ವಾರವಾಯಿತು, ಪತ್ರವಿಲ್ಲ. ಪರೀಕ್ಷೆಯ ಕೆಲಸವಿರಬೇಕು. ದೂರು ಕೊಟ್ಟೆಯಾ? ಏನೆಂದರು? ಎರಡೇ ಸಾಲು ಬರೆ ಸಾಕು.

ನಿಮ್ಮ ಭಾವನಿಗೆ ಬೆನ್ನುನೋವು. ಡ್ರೈವರ್ ಸೀಟಿಗೆ ದಿಂಬು ಇಟ್ಟುಕೊಳ್ಳಿ ಎಂದರೆ ಪ್ರಯಾಣಿಕರು ನಗುತ್ತಾರಂತೆ.

ಅಕ್ಕ


ಅಕ್ಟೋಬರ್ ೨೭

ಮೊಂಡಿ,

ನಿನಗೆ ಹುಷಾರಿದೆಯೇ? ಅಮ್ಮನಿಗೆ? ನನ್ನ ಮೇಲೆ ಸಿಟ್ಟಿದ್ದರೆ ಅದನ್ನೇ ಬರೆ.

ವಾರ್ಡಿನಲ್ಲಿ ವಿಪರೀತ ಕೆಲಸ. ಹೊಸಬಳು ರಜೆಯಲ್ಲಿದ್ದಾಳೆ.

ಅಕ್ಕ


ನವೆಂಬರ್ ೯

ಅಕ್ಕಾ,

ಹುಷಾರಾಗಿದ್ದೇನೆ. ಸಿಟ್ಟಿತ್ತು, ಆದರೆ ಹೆಚ್ಚು ನನ್ನ ಮೇಲೆ. ಈ ಪತ್ರವನ್ನು ಟೀ ಹೊತ್ತಿನಲ್ಲಿ ಓದಿ ಹೇಳಬೇಡಿ. ನೀವೊಬ್ಬರೇ ಓದಿ.

ಮೊದಲು ಒಂದು ಸುಳ್ಳು ಸರಿಮಾಡುತ್ತೇನೆ. ನನ್ನ ಮೊದಲ ಕ್ಲಾಸು ಚೆನ್ನಾಗಿ ಆಗಲಿಲ್ಲ. ಐವತ್ತು ನಿಮಿಷಕ್ಕೆಂದು ಹದಿನೈದು ಹಾಳೆ ಬರೆದುಕೊಂಡು ಹೋಗಿದ್ದೆ, ಹದಿನೆಂಟು ನಿಮಿಷಕ್ಕೆ ಮುಗಿಯಿತು. ಓದಿಬಿಟ್ಟಿದ್ದೆ ಅಷ್ಟೇ, ತಲೆ ಎತ್ತದೆ. "ಪ್ರಶ್ನೆಗಳಿದ್ದರೆ ಕೇಳಿ" ಎಂದೆ. ಯಾರೂ ಕೇಳಲಿಲ್ಲ. ಆ ಮಕ್ಕಳು ಶಿಸ್ತಿನಿಂದ ಸುಮ್ಮನಿರಲಿಲ್ಲ ಅಕ್ಕ, ಅಯ್ಯೋ ಪಾಪ ಎಂದು ಸುಮ್ಮನಿದ್ದರು. ಅವರನ್ನು ಬಿಟ್ಟು ನೇರ ಲ್ಯಾಬಿಗೆ ಹೋದೆ. ನಾಲ್ಕು ಬೊಂಬೆಗಳ ಹಾಸಿಗೆ ಕಿತ್ತು ಮತ್ತೆ ಮಾಡಿದೆ. ನನಗೆ ಬರುವ ಕೆಲಸ ಒಂದಾದರೂ ಇದೆಯಲ್ಲ ಎಂದು. ಆಮೇಲೂ ಎಷ್ಟೋ ದಿನ ಹಾಗೇ. ಲ್ಯಾಬಿನ ಅಣ್ಣ ಒಮ್ಮೆ, "ಮೇಡಂ, ಆ ಹಾಸಿಗೆ ನಾನು ಬೆಳಗ್ಗೇನೇ ಮಾಡಿದ್ದೀನಲ್ಲಾ" ಎಂದ. ನಾನು ಮುಂದಿನ ಹಾಸಿಗೆಗೆ ಹೋದೆ.

ನೀವು ಹೇಳಿದ ಹಾಗೆ ಬರೆದು ಕೊಟ್ಟೆ. ಮುಖ್ಯಸ್ಥರು ಓದಿ, "ನಾನು ಯಾರನ್ನೂ ಕಳಿಸಿಲ್ವಲ್ಲ" ಎಂದರು. ನನ್ನೆದುರೇ ಅವರನ್ನು ಕರೆಸಿದರು. ಪಕ್ಕದ ಟೇಬಲ್ಲಿನವರು ನನ್ನ ಅರ್ಜಿ ಓದಿದರು. ಮುಖ ಕೆಂಪಾಯಿತು. "ಕ್ಷಮಿಸಿ, ಇನ್ನು ಹೋಗಲ್ಲ" ಎಂದಷ್ಟೇ ಹೇಳಿ ಹೊರಗೆ ಹೋದರು. ಗೆದ್ದೆ ಅನ್ನಿಸಬೇಕಿತ್ತು. ತಪ್ಪು ರೋಗಿಗೆ ಡ್ರಿಪ್ ಹಾಕಿದ ಹಾಗನ್ನಿಸಿತು.

ಆಮೇಲಿನ ಮೂರು ವಾರ ಸ್ಟಾಫ್ ರೂಮಿನಲ್ಲಿ ಪೇಪರು ಮಗುಚುವ ಸದ್ದು ಬಿಟ್ಟರೆ ಇನ್ನೇನಿಲ್ಲ. ಕಿಟಕಿಯ ಮೇಷ್ಟ್ರು ಕೂಡ ನನ್ನ ಕಡೆ ನೋಡುತ್ತಿರಲಿಲ್ಲ. ಅಕ್ಟೋಬರ್ ಹತ್ತಕ್ಕೆ ನಾನು ವಾಪಸ್ ಬರುತ್ತೇನೆಂದು ಮೇಟ್ರನ್‌ಗೆ ಪತ್ರ ಬರೆದೆ. ಅಂಚೆಗೆ ಹಾಕಲಿಲ್ಲ, ಬ್ಯಾಗಿನಲ್ಲಿಟ್ಟುಕೊಂಡು ಲ್ಯಾಬಿಗೆ ಹೋಗಿ ಕೂತೆ. ಆಗ ಅಣ್ಣ ತಾನಾಗಿಯೇ ಹೇಳಿದ:

"ಅದೇ ಸ್ಟೂಲಿನ ಮೇಲೆ ನಿಮ್ಮ ಪಕ್ಕದ ಟೇಬಲ್ ಮೇಡಂನೂ ಕೂತ್ಕೋತಿದ್ರು. ಬಂದ ವರ್ಷ. ಕ್ಲಾಸು ಮುಗಿಸಿ ಬರೋದು, ಕೂರೋದು. ಯಾರೂ ಕೇಳೋರಿಲ್ಲ ಪಾಪ. ನೀವೂ ಹಂಗೇ ಬರ್ತಾ ಇದ್ರಲ್ಲ, ನಾನೇ ಹೋಗಿ ಹೇಳ್ದೆ, ಹೊಸ ಮೇಡಂಗೆ ಏನೋ ಕಷ್ಟ ಇದೆ, ಒಸಿ ನೋಡಿ ಅಂತ. ಅದಕ್ಕೇ ನಿಮ್ಮ ಕ್ಲಾಸಿಗೆ ಬಂದಿದ್ದು. ತಪ್ಪು ನಂದು ಮೇಡಂ."

ಅಲ್ಲಿಂದ ಎದ್ದು ಮೇಲೆ ಹೋದೆ. ಅವರೊಬ್ಬರೇ ಇದ್ದರು. ಬಾಗಿಲು ಹಾಕಿ, "ನನ್ನಿಂದ ತಪ್ಪಾಯ್ತು ಮೇಡಂ" ಎಂದೆ. ಅವರು ಕುರ್ಚಿ ಎಳೆದು ಕೊಟ್ಟರು.

"ಹೇಳ್ಬಿಟ್ಟು ಬರ್ಬೇಕಿತ್ತು ನಾನು. ಹೇಳಿದ್ರೆ ಬೇಡ ಅಂತೀರೇನೋ ಅಂತ ಹಿಂದಿನ ಬಾಗಿಲಿಂದ ಬಂದೆ. ಕಳ್ಳರ ಥರ. ನಿಮ್ಮ ಜಾಗದಲ್ಲಿ ನಾನಿದ್ರೂ ದೂರು ಕೊಡ್ತಿದ್ದೆ."

ಆ ನೋಟ್‌ಬುಕ್ ತೆಗೆದು ಆ ದಿನದ ಪುಟ ತೋರಿಸಿದರು. ನಿಮಿಷ ನಿಮಿಷಕ್ಕೂ ಬರೆದಿದ್ದಾರೆ. ಎಂಟನೇ ನಿಮಿಷ: ಬೋರ್ಡಿನ ಜೊತೆ ಮಾತಾಡುತ್ತಿದ್ದಾರೆ. ಹದಿಮೂರನೇ ನಿಮಿಷ: ಮೂರನೇ ಸಾಲಿನವಳು ಆಕಳಿಸಿದಳು. ಇಪ್ಪತ್ತೊಂದನೇ ನಿಮಿಷಕ್ಕೆ ಕೆಂಪು ಗೆರೆ ಎಳೆದಿತ್ತು. ಮಗಳು ಹೆದರಬಾರದೆಂದು ನೋವಿಲ್ಲ ನೋವಿಲ್ಲ ಎನ್ನುತ್ತಿದ್ದ ನಮ್ಮ ವಾರ್ಡಿನ ಆ ಮುದುಕರ ವಿಷಯ ಹೇಳಿದ್ದೆನಂತೆ; ನೀವು ಅವರ ಕಾಲ್ಬೆರಳು ಮಡಚಿಕೊಂಡಿದ್ದು ನೋಡಿಯೇ ನೋವನ್ನು ಗುರುತು ಹಿಡಿದಿರಲ್ಲ, ಅದನ್ನು. ಪಕ್ಕದಲ್ಲಿ ಬರೆದಿದ್ದರು: "ಎಲ್ಲರ ಪೆನ್ನೂ ನಿಂತಿತು. ನಾಲ್ಕು ನಿಮಿಷ ಒಬ್ಬರೂ ಅಲುಗಾಡಲಿಲ್ಲ. ನಾನೂ ಬರೆಯುವುದು ನಿಲ್ಲಿಸಿದೆ."

"ಈ ನಾಲ್ಕು ನಿಮಿಷನೇ ಕ್ಲಾಸು ಮೇಡಂ. ಮಿಕ್ಕಿದ್ದೆಲ್ಲ ನೀವು ಪುಸ್ತಕಕ್ಕೆ ಹೆದರ್ಕೊಂಡು ಓದಿದ್ದು. ನಿಮಗೆ ಗೊತ್ತಿರೋದನ್ನ ಮೊದಲು ಹೇಳಿ, ಪುಸ್ತಕ ಆಮೇಲೆ ತೆಗೀರಿ."

ಸಿಸ್ಟರ್ ಎಂದಿದ್ದರ ವಿಷಯವೂ ಬಂತು. ಅವರು ವಾರ್ಡಿನಲ್ಲಿ ಕೆಲಸ ಮಾಡಿದ್ದು ಒಂದೇ ವರ್ಷವಂತೆ. "ಮಕ್ಕಳು ವಾರ್ಡಿನ ಪ್ರಶ್ನೆ ಕೇಳಿದ್ರೆ ಇವತ್ತಿಗೂ ನನ್ನ ಕೈ ಬೆವರುತ್ತೆ. ಹದಿನಾಲ್ಕು ವರ್ಷ ಮಾಡಿದವ್ರು ಬರ್ತಾರೆ ಅಂದಾಗ ಎಷ್ಟು ಖುಷಿಯಾಗಿತ್ತು ಗೊತ್ತಾ? ಸಿಸ್ಟರ್ ಅಂದೆ, ನಿಮ್ಮ ಮುಖ ಸಣ್ಣಗಾಯ್ತು. ಆಮೇಲೆ ಏನಂತ ಕರೀಬೇಕೋ ತಿಳೀಲಿಲ್ಲ, ಸುಮ್ಮನಾದೆ."

ಈಗ ಗುರುವಾರ ನಮ್ಮಿಬ್ಬರಿಗೂ ಒಂದು ತಾಸು ಬಿಡುವು ಹೊಂದಿಸಿಕೊಂಡಿದ್ದೇವೆ. ಒಂದು ವಾರ ಅವರು ನನಗೆ ಪ್ರಶ್ನೆಪತ್ರಿಕೆ ಮಾಡುವುದು, ಅಂಕ ಹಂಚುವುದು, ಪಾಠವನ್ನು ಐವತ್ತು ನಿಮಿಷಕ್ಕೆ ಹರಡುವುದು ತೋರಿಸುತ್ತಾರೆ. ಇನ್ನೊಂದು ವಾರ ಲ್ಯಾಬಿನಲ್ಲಿ ನಾನು ಅವರಿಗೆ ಸೂಜಿ ಹಿಡಿಯುವುದು ತೋರಿಸುತ್ತೇನೆ. ಅವರು ಬೊಂಬೆಗೆ ಚುಚ್ಚುವಾಗಲೂ "ಸಾರಿ" ಎನ್ನುತ್ತಾರೆ. ಲ್ಯಾಬಿನ ಅಣ್ಣ ಗೋಡೆ ಕಡೆ ತಿರುಗಿ ನಗುತ್ತಾನೆ. ಕಿಟಕಿಯ ಮೇಷ್ಟ್ರು ಕಳೆದ ವಾರ ತಾವಾಗಿಯೇ ನನ್ನ ಟೇಬಲ್ಲನ್ನು ಒಂದು ಅಡಿ ಸರಿಸಿದರು. ಇನ್ನು ಬಾಗಿಲು ಮೊಣಕೈಗೆ ತಾಗುವುದಿಲ್ಲ.

ಎಲ್ಲ ಸುಲಭವಾಯಿತು ಎನ್ನುತ್ತಿಲ್ಲ. ಮಂಗಳವಾರದ ಕ್ಲಾಸು ಮತ್ತೆ ಹಳ್ಳ ಹಿಡಿಯಿತು. ಆದರೆ ಈಗ ಸ್ಟಾಫ್ ರೂಮಿಗೆ ಬಂದು "ಇವತ್ತು ಹಳ್ಳ" ಎಂದು ಹೇಳಬಹುದು. ಹೇಳಿದರೆ ಯಾರಾದರೊಬ್ಬರು "ನಂದೂ" ಎನ್ನುತ್ತಾರೆ. ಮೇಟ್ರನ್‌ಗೆ ಬರೆದ ಪತ್ರ ಇನ್ನೂ ಬ್ಯಾಗಿನಲ್ಲಿದೆ, ಹರಿದಿಲ್ಲ. ಸುಳ್ಳು ಹೇಳುವುದು ಬೇಡ ಎಂದು ಇದನ್ನೂ ಬರೆದೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಆಗಸ್ಟ್ ಪತ್ರವನ್ನು ಮತ್ತೆ ತೆಗೆದು ಓದಿದೆ. ಲಿನನ್ ಕೋಣೆಯಲ್ಲಿ ಒಬ್ಬಳೇ ಕೂರುತ್ತಾಳೆ, ಕೊಬ್ಬು ಎಂದು ಬರೆದಿದ್ದೀರಿ. ಅದು ಕೊಬ್ಬಲ್ಲ ಅಕ್ಕ. ನಾನು ಲ್ಯಾಬಿನಲ್ಲಿ ಕೂತಿದ್ದೂ ಕೊಬ್ಬಿನಿಂದಲ್ಲ. ಅವಳು ಹಾಸಿಗೆ ಮಾಡುವಾಗ ನನ್ನ ಹೆಸರು ಹೇಳಬೇಡಿ, ದಯವಿಟ್ಟು. ಅವಳ ಹೆಸರನ್ನು ನೀವು ಒಂದು ಪತ್ರದಲ್ಲೂ ಬರೆದಿಲ್ಲ.

ನಿಮ್ಮ
ಮೊಂಡಿ


ಡಿಸೆಂಬರ್ ೨೦

ಮೊಂಡಿ,

ತಿಂಗಳ ಮೇಲಾಯಿತು, ಕ್ಷಮಿಸು. ಐದು ಸಲ ಬರೆಯಲು ಕೂತೆ. ಮೊದಲನೆಯದರಲ್ಲಿ ನಿನಗೆ ಚೆನ್ನಾಗಿ ಬೈದಿದ್ದೆ. ನಾಲ್ಕು ದಿನ ಯೂನಿವರ್ಸಿಟಿಯಲ್ಲಿ ಕೂತಳು, ನನಗೇ ಪಾಠ ಹೇಳುತ್ತಾಳೆ ಎಂದು. ನಿಮ್ಮ ಭಾವ ಅದನ್ನು ಓದಿ, "ಕಳಿಸ್ಬೇಡ, ಆಮೇಲೆ ನೀನೇ ಅಳ್ತೀಯ" ಎಂದರು.

ಹೊಸಬಳು ರಜೆಯಲ್ಲಿದ್ದಾಳೆ ಎಂದು ಬರೆದಿದ್ದೆನಲ್ಲ, ರಜೆಯಲ್ಲ. ಬಿಟ್ಟು ಹೋಗಿದ್ದಳು, ಅಕ್ಟೋಬರ್ ಕೊನೆಯ ವಾರ. ಒಂದು ಔಷಧಿ ಚಾರ್ಟಿನಲ್ಲಿ ಸಮಯ ಬರೆಯುವುದನ್ನು ಮರೆತಿದ್ದಳು, ರೋಗಿಗೆ ಏನೂ ಆಗಿರಲಿಲ್ಲ. ನಾನು ಕೌಂಟರಿನಲ್ಲಿ ಎಲ್ಲರೆದುರು, "ನಿನ್ನಿಂದ ಆಗಲ್ಲ, ಅವಳು ಬರೋವರೆಗೆ ಹೇಗೋ ಸಹಿಸ್ಕೋಬೇಕು" ಎಂದೆ. ಮಾರನೇ ದಿನ ಬರಲಿಲ್ಲ. ಯೂನಿಫಾರಂ ಒಗೆದು ಮಡಚಿ ಯಾರ ಕೈಯಲ್ಲೋ ಕಳಿಸಿದ್ದಳು. ಮೂಲೆಗಳೆಲ್ಲ ನೆಟ್ಟಗೆ ಮಡಚಿದ್ದಳು ಮೊಂಡಿ.

ನಿನಗೆ ಹೇಳಲು ಮುಖವಿರಲಿಲ್ಲ. ಹೇಳಿದರೆ ನೀನು ಏನೆನ್ನುತ್ತೀಯೆಂದು ನನಗೆ ಗೊತ್ತಿತ್ತು. ನಾನು ಹೇಳದಿದ್ದರೂ ನೀನು ಅದನ್ನೇ ಬರೆದು ಕಳಿಸಿದೆ.

ನಾನು ಕೆಟ್ಟವಳಲ್ಲ ಎಂದು ನಿನಗೆ ಗೊತ್ತು. ಆದರೆ ಆರು ತಿಂಗಳು ನಿನ್ನ ಜಾಗ ಕಾಯುತ್ತಾ ಕೂತೆ, ಆ ಜಾಗದಲ್ಲಿ ನಿಂತಿದ್ದವಳನ್ನು ನೋಡಲೇ ಇಲ್ಲ. ಅವಳು ನಿನ್ನ ಹಾಗೆ ನಡೆಯುತ್ತಿರಲಿಲ್ಲ, ನಿನ್ನ ಹಾಗೆ ನಗುತ್ತಿರಲಿಲ್ಲ. ಅದೇ ಅವಳು ಮಾಡಿದ ತಪ್ಪು. ನೀನು ಹೋದದ್ದು ನನಗೆ ಇಷ್ಟವಿರಲಿಲ್ಲ ಎಂದು ಯಾವತ್ತೂ ನಿನಗೆ ಹೇಳಲಿಲ್ಲ. ಹೇಳಿದ್ದರೆ ಆ ಹುಡುಗಿಯಾದರೂ ಬದುಕಿಕೊಳ್ಳುತ್ತಿದ್ದಳು.

ಕಳೆದ ಭಾನುವಾರ ಅವಳ ಮನೆ ಹುಡುಕಿಕೊಂಡು ಹೋದೆ. ನಿಮ್ಮ ಭಾವನ ಬಸ್ಸಿನಲ್ಲೇ ಹೋಗಿದ್ದು, ಕೊನೆಯ ಸ್ಟಾಪು. ಚಿಕ್ಕಪ್ಪನ ಸ್ಟೇಷನರಿ ಅಂಗಡಿಯಲ್ಲಿ ಕೂತಿದ್ದಳು. ನನ್ನನ್ನು ನೋಡಿದವಳೇ ಎದ್ದು ನಿಂತಳು, ವಾರ್ಡಿನಲ್ಲಿ ನಿಲ್ಲುತ್ತಿದ್ದ ಹಾಗೆ ಕೈ ಹಿಂದೆ ಕಟ್ಟಿಕೊಂಡು. ಅಲ್ಲಿಯೂ ನನಗೆ ಹೆದರುತ್ತಾಳಲ್ಲ ಎಂದು ಸಂಕಟವಾಯಿತು. "ಕೂತ್ಕೋಮ್ಮ" ಎಂದೆ. ಕೂರಲಿಲ್ಲ. "ನಾನು ಮಾತಾಡಿದ್ದು ತಪ್ಪು, ವಾಪಸ್ ಬಾ" ಎಂದೆ.

"ಆ ಕೆಲಸ ನಂದಲ್ಲ ಸಿಸ್ಟರ್" ಎಂದಳು. ಸಿಟ್ಟಿನಿಂದಲ್ಲ, ಮೆತ್ತಗೆ. "ನೀವೇ ದಿನಾ ಹೇಳ್ತಿದ್ರಿ, ಅವ್ರು ಬರೋವರೆಗೆ ಅಂತ. ಇನ್ನೊಬ್ರ ಜಾಗದಲ್ಲಿ ನಿಂತ್ಕೊಂಡು ಎಷ್ಟು ದಿನ ಕೆಲಸ ಮಾಡ್ಲಿ? ಕಲಿಯೋಕೂ ಮನಸ್ಸು ಬರಲ್ಲ."

ಮೇಟ್ರನ್ ಹತ್ತಿರ ಮಾತಾಡಿದೆ. ನಮ್ಮ ವಾರ್ಡಿಗಿರುವುದು ನಿನ್ನದೊಂದೇ ಖಾಲಿ ಹುದ್ದೆ. ನೀನು ಮೂವತ್ತೊಂದರೊಳಗೆ ಬಿಟ್ಟುಕೊಟ್ಟೆ ಎಂದು ಬರೆದರೆ ಅದನ್ನು ಅವಳಿಗೆ ಖಾಯಂ ಮಾಡಿಕೊಡುತ್ತಾರೆ. ಇಲ್ಲದಿದ್ದರೆ ಮತ್ತೆ ತಾತ್ಕಾಲಿಕವೇ, ಅವಳು ಬರುವುದಿಲ್ಲ.

ಆ ಹುದ್ದೆಯನ್ನು ನಿನಗಾಗಿ ಹಿಡಿದಿಟ್ಟವಳೇ ನಾನು. ಈಗ ಬಿಡು ಎಂದು ಕೇಳುವವಳೂ ನಾನೇ. ನಿನ್ನ ಬ್ಯಾಗಿನಲ್ಲಿರುವ ಪತ್ರದ ವಿಷಯ ಓದಿ ಎರಡು ದಿನ ಖುಷಿಯಾಗಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ನಿನಗೆ ಅಲ್ಲಿ ನಿಜವಾಗಿಯೂ ಆಗುವುದಿಲ್ಲ ಎನ್ನಿಸಿದರೆ ಬಾ, ನಿನ್ನ ಹಕ್ಕು ಅದು, ಒಂದು ಮಾತೂ ಆಡುವುದಿಲ್ಲ. ಆದರೆ ಸುಮ್ಮನೆ ಇರಲಿ ಎಂದು ಮಾತ್ರ ಇಟ್ಟುಕೊಳ್ಳಬೇಡ.

ಅಕ್ಕ


ಡಿಸೆಂಬರ್ ೨೪

ಅಕ್ಕಾ,

ನಿಮ್ಮ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಓದಿದೆ. ನಿಜ ಹೇಳುತ್ತೇನೆ, ಮೊದಲು ಸಿಟ್ಟು ಬಂತು. ಅವಳನ್ನು ಓಡಿಸಿದ್ದು ನೀವು, ಬೆಲೆ ಕೊಡುವುದು ನಾನೇ ಎಂದು. ಆಮೇಲೆ ಭಯವಾಯಿತು. ಹಿಂದೆ ಒಂದು ಬಾಗಿಲು ತೆರೆದಿದೆ ಎಂದೇ ಇಷ್ಟು ದಿನ ಕ್ಲಾಸಿಗೆ ಹೋಗುತ್ತಿದ್ದೆನೋ ಏನೋ.

ಪಕ್ಕದ ಟೇಬಲ್ಲಿನವರು ಕೇಳಿದರು, "ಊರಿಂದ ಕೆಟ್ಟ ಸುದ್ದಿನಾ?" ಎಲ್ಲ ಹೇಳಿದೆ. ಇರಿ ಎಂದರೂ ಹೋಗಿ ಎಂದರೂ ನನಗೆ ಕಷ್ಟವಾಗುತ್ತಿತ್ತು. ಅವರು ಎರಡನ್ನೂ ಹೇಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, "ನೀವು ಹೋದ್ರೆ ನನಗೆ ತುಂಬ ಕಷ್ಟ ಆಗುತ್ತೆ. ಅದು ನನ್ನ ವಿಷ್ಯ, ನೀವು ಲೆಕ್ಕಕ್ಕೆ ತಗೋಬೇಡಿ" ಎಂದು ಕ್ಲಾಸಿಗೆ ಎದ್ದು ಹೋದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಎದುರು ಕಿಟಕಿಯವರಿಗೆ ವಾಪಸ್ ಕೊಡಬೇಕೆಂದು ಬಟ್ಟಲು ತೊಳೆಯುತ್ತಿದ್ದಳು. "ಬಿಟ್ಟುಕೊಡೋದಾದ್ರೆ ಚೆನ್ನಾಗಿ ಬರೆದು ಕೊಡು. ಆ ಮಗು ಓದಿದ್ರೆ, ಇವಳು ಮನಸ್ಸಿಲ್ಲದೆ ಕೊಟ್ಲು ಅನ್ನಿಸಬಾರದು" ಎಂದಳು, ತಿರುಗಿಯೂ ನೋಡದೆ. ನಾನು ಬಿಟ್ಟುಕೊಡುತ್ತೇನೆ ಎಂದು ಇನ್ನೂ ಹೇಳಿರಲೇ ಇಲ್ಲ.

ಹಳೆಯದನ್ನು ಹರಿದೆ. ಹೊಸದು ಈ ಪತ್ರದ ಜೊತೆಗಿದೆ, ಮೇಟ್ರನ್‌ಗೆ. ನಾಲ್ಕೇ ಸಾಲು. ಒಂದು ಸಾಲಿನಲ್ಲಿ, ನಾನು ಇಲ್ಲಿ ಅಧ್ಯಾಪಕಿಯಾಗಿ ಮುಂದುವರಿಯುತ್ತಿರುವುದರಿಂದ ಎಂದು ಬರೆಯಬೇಕಿತ್ತು. ಮೊದಲು "ಕೆಲಸ ಮಾಡುತ್ತಿರುವುದರಿಂದ" ಎಂದು ಬರೆದಿದ್ದೆ. ಅದನ್ನು ಹೊಡೆದು, ಅಧ್ಯಾಪಕಿ ಎಂಬ ಪದವನ್ನೇ ಬರೆದೆ. ಬರೆದ ಮೇಲೆ ಒಮ್ಮೆ ಜೋರಾಗಿ ಓದಿಕೊಂಡೆ. ಅಂಥ ಸುಳ್ಳೇನೂ ಅನ್ನಿಸಲಿಲ್ಲ.

ಒಂದು ಕೆಲಸ ಮಾಡಿ. ಮೇಟ್ರನ್‌ಗೆ ಕೊಡುವ ಮೊದಲು ಅವಳಿಗೆ ತೋರಿಸಿ. ನೀವು ಓದಿ ಹೇಳಬೇಡಿ, ಅವಳ ಕೈಗೇ ಕೊಡಿ. ಲಾಕರಿನ ಬೀಗ ಒಡೆಸಿಬಿಡಿ, ಕೀಲಿ ಎಲ್ಲಿಟ್ಟಿದ್ದೇನೆಂದು ನನಗೇ ಗೊತ್ತಿಲ್ಲ.

ಅಕ್ಕ, ಆಗ ನೀವು ಹೋಗಬೇಡ ಎಂದಿದ್ದರೆ ನಾನು ಇಲ್ಲಿಗೆ ಬರುತ್ತಿರಲಿಲ್ಲ. ಅದಕ್ಕೇ ನೀವು ಹೇಳಲಿಲ್ಲ ಎಂದು ಈಗ ಅರ್ಥವಾಗುತ್ತಿದೆ.

ನಿಮ್ಮ
ಮೊಂಡಿ


ಜನವರಿ ೯

ಮೊಂಡಿ,

ಬಂದಳು. ಸೋಮವಾರ, ಏಳಕ್ಕೆ ಹತ್ತು ನಿಮಿಷವಿರುವಾಗ.

ನಿನ್ನ ಪತ್ರವನ್ನು ಅಂಗಡಿಯಲ್ಲೇ ಅವಳ ಕೈಗೆ ಕೊಟ್ಟಿದ್ದೆ. ಎರಡು ಸಲ ಓದಿದಳು. "ಅವರಿಗೆ ಅಲ್ಲಿ ಇಷ್ಟ ಆಯ್ತಂತಾ?" ಎಂದು ಕೇಳಿದಳು. ಹೌದು ಎಂದೆ. ಅದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಕೆಟ್ಟಿತು, ಅವಳು ಪೆನ್ಸಿಲುಗಳನ್ನು ಜೋಡಿಸುತ್ತಾ ನೋಡದ ಹಾಗೆ ಇದ್ದಳು. ಒಳ್ಳೆಯ ಹುಡುಗಿ.

ಮೊದಲ ದಿನ ಅವಳ ಜೊತೆ ನಾನೂ ಹಾಸಿಗೆ ಮಾಡಿದೆ. ಅವಳು ಆ ಕಡೆ, ನಾನು ಈ ಕಡೆ. ಮೂಲೆ ಮಡಚುವಾಗ ಅವಳು ಎಡಗೈ ಮುಂದೆ ಮಾಡುತ್ತಾಳೆ, ಎಡಚಿ. ನಾವು ಕಲಿಸುವುದೆಲ್ಲ ಬಲಗೈಯವರಿಗೆ. ನಾಲ್ಕು ತಿಂಗಳು ನೋಡಿದ್ದೇನೆ, ಒಂದು ದಿನವೂ ಕಂಡಿರಲಿಲ್ಲ. ಕಡೆ ಬದಲಿಸಿ ನಿಂತೆವು. ಮೂಲೆ ನೆಟ್ಟಗೆ ಬಂತು.

ಇವತ್ತು ಟೀಗೆ ಕರೆ ಬಂದಾಗ ಲಿನನ್ ಕೋಣೆಯ ಕಡೆ ಹೊರಟಳು. "ಈ ಕಡೆ ಬಾಮ್ಮ" ಎಂದೆ. ಬೆಂಚಿನ ತುದಿಗೆ ಬಂದು ಕೂತಳು. ಆಮೇಲೆ ಅವಳೇ ಎದ್ದು ಕಪ್ಪುಗಳಿಗೆ ಟೀ ಬಗ್ಗಿಸಿ, ಚಮಚ ಹಿಡಿದು, "ನಿಮಗೆ ಸಕ್ಕರೆ ಎಷ್ಟು ಸಿಸ್ಟರ್?" ಎಂದಳು.

ನಾನು ಸಕ್ಕರೆ ಹಾಕಿಕೊಳ್ಳುವುದಿಲ್ಲವೆಂದು ಈ ಆಸ್ಪತ್ರೆಯಲ್ಲಿ ಕಸ ಗುಡಿಸುವವರಿಗೂ ಗೊತ್ತು. ನಾಲ್ಕು ತಿಂಗಳು ನನ್ನ ಪಕ್ಕದಲ್ಲಿ ಕೆಲಸ ಮಾಡಿದವಳಿಗೆ ಗೊತ್ತಿರಲಿಲ್ಲ.

ಇವತ್ತು ಹೇಳಿದೆ.

ಅಕ್ಕ